ಬಿಗಿ ಮಾಡುವ ಮುನ್ನ ಸಡಿಲ ಹುಡುಕಿ: ಹಳೆಯ ವೇಗದ ಬೈಕಿನ ಫ್ರೇಮಿಗೆ ಒಂದಿಷ್ಟು ಕಿವಿಮಾತು

ಹಳೆಯ ಆರ್‌ಡಿ 350 ಮನೆಗೆ ತಂದ ಹುಡುಗರು ಮೊದಲ ತಿಂಗಳೆಲ್ಲ ಎಂಜಿನ್ನಿನ ಮಾತೇ ಆಡುತ್ತಾರೆ. ಎರಡನೇ ತಿಂಗಳು ನಮ್ಮ ಮೈಸೂರಿನ ಶೆಡ್ಡಿಗೆ ಬಂದು ನಿಲ್ಲುತ್ತಾರೆ. "ಅತ್ತೆ, ಸ್ಪೀಡು ಏರಿದರೆ ಹಿಂಭಾಗ ತೂಗುತ್ತೆ, ಫ್ರೇಮಿಗೆ ನಾಲ್ಕು ಪೈಪು ಹಾಕಿಬಿಡೋಣ" ಎನ್ನುತ್ತಾರೆ. ಹಾಕೋಣ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕೂತು ಒಂದು ಲೋಟ ಕಾಫಿ ಕುಡಿದು ಈ ಮಾತು ಕೇಳಿಸಿಕೊಳ್ಳಿ.

1983ರಲ್ಲಿ ಎಸ್ಕಾರ್ಟ್ಸ್‌ನವರು ರಾಜದೂತ್ ಹೆಸರಿನಲ್ಲಿ ತಂದ ಈ ಗಾಡಿ 347 ಸಿಸಿಯದು. ಎರಡು ಸಿಲಿಂಡರು, ಟೂ ಸ್ಟ್ರೋಕು, ಆರು ಗೇರು. ಎಚ್‌ಟಿ (ಹೈ ಟಾರ್ಕ್) ಮಾದರಿಗೆ 30.5 ಕುದುರೆಬಲ, ಎಲ್‌ಟಿಗೆ (ಲೋ ಟಾರ್ಕ್) 27. ಅಂದಿನ ನಮ್ಮ ರಸ್ತೆಗೆ ಅದು ಮಿಂಚು. ಎಂಜಿನ್ನನ್ನು ಕೆಳಗಿನಿಂದ ಎರಡು ಪೈಪು ತಬ್ಬಿ ಹಿಡಿಯುವ ಅದರ ಫ್ರೇಮು ಒಳ್ಳೆಯ ಮನೆತನದ್ದು. ಆದರೂ ಮೂವತ್ತೈದು, ನಲವತ್ತು ವರ್ಷ ಗುಂಡಿಗೆ ಬಿದ್ದು, ಮಳೆಯಲ್ಲಿ ನೆನೆದು, ಮೂರು ಕೈ ಬದಲಾಗಿ ಬಂದ ಕಬ್ಬಿಣ ಅದು. ಅದರ ಮೇಲೆ ನಿಮ್ಮ ಪ್ರಾಣ ಕೂರುತ್ತದೆ. ಹಾಗಾಗಿ ಒಂದೊಂದೇ ಮಾಡಿ, ಸಾಲಾಗಿ ಮಾಡಿ.

ವೆಲ್ಡಿಂಗ್ ಶೆಡ್ಡಿಗೆ ಬರುವ ಮುಂಚೆ

• ಗಾಡಿ ಹೇಗೆ ಅಲುಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹ್ಯಾಂಡಲ್ ಗಡಗಡ ನಡುಗಿದರೆ ದೋಷ ಬಹುಮಟ್ಟಿಗೆ ಮುಂದಿರುತ್ತದೆ. ಹಿಂಭಾಗ ಹಸುವಿನ ಬಾಲದ ಹಾಗೆ ನಿಧಾನವಾಗಿ ತೂಗಿದರೆ ಹಿಂದಿನಿಂದ ಹುಡುಕಲು ಶುರು ಮಾಡಿ.

• ಟೈರಿನ ಗಾಳಿ ಮೊದಲು ನೋಡಿ. ನಗಬೇಡಿ, ಫ್ರೇಮು ಬಾಗುತ್ತಿದೆ ಎಂದು ಬಂದ ಎಷ್ಟೋ ಗಾಡಿ ಪಂಪು ಹೊಡೆದ ಮೇಲೆ ನೆಟ್ಟಗೆ ಹೋಗಿದೆ. ಗಟ್ಟಿಯಾಗಿ ಬಿರುಕು ಬಿಟ್ಟ ಹಳೆಯ ಟೈರನ್ನು ಗ್ರಿಪ್ಪಿನ ಹೂವು ಚೆನ್ನಾಗಿದೆ ಎಂದು ಉಳಿಸಬೇಡಿ, ರಬ್ಬರಿಗೂ ವಯಸ್ಸಾಗುತ್ತದೆ.

• ಚಕ್ರದ ಕಡ್ಡಿಗಳನ್ನು ಸ್ಪಾನರಿನಿಂದ ಒಂದೊಂದೇ ತಟ್ಟಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ದಡ್ ಎನ್ನುತ್ತದೆ. ನಾಲ್ಕು ಕಡ್ಡಿ ಸಡಿಲಾದರೂ ಇಡೀ ಗಾಡಿ ಮೈ ತಿರುಚಿದಂತೆ ಅನಿಸುತ್ತದೆ.

• ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ, ಹಿಂಚಕ್ರ ಹಿಡಿದು ಎಡಕ್ಕೂ ಬಲಕ್ಕೂ ಎಳೆಯಿರಿ. ಟಕ್ ಟಕ್ ಎಂದರೆ ಅದು ಸ್ವಿಂಗ್‌ಆರ್ಮ್ ಬುಷ್. ಕಂಪನಿಯ ಮೃದು ಬುಷ್ ಸವೆದಿದ್ದರೆ ಲೇತಿನಲ್ಲಿ ಬ್ರಾಂಜ್ ಬುಷ್ ಮಾಡಿಸಿ. ಗ್ರೀಸ್ ಹೋಗಲು ದಾರಿ ಬಿಡಿಸುವುದನ್ನು ಮರೆಯಬೇಡಿ, ಒಣಗಿದ ಬ್ರಾಂಜು ಬೇಗ ಸವೆಯುತ್ತದೆ.

• ಬುಷ್ ಮಾಡಿಸುವಾಗ ಲೇತಿನ ಪಕ್ಕದಲ್ಲೇ ನಿಲ್ಲಿ. ಒಮ್ಮೆ ನಾವು ಅಳತೆ ಬರೆದ ಚೀಟಿ ಕಳಿಸಿ ಮನೆಗೆ ಬಂದೆವು, ಬುಷ್ ಲೊಡಲೊಡ ಅನ್ನುವಂತೆ ಬಂತು. ಶಾಫ್ಟನ್ನು ಕೈಯಲ್ಲಿ ಹಿಡಿದು ಹೋಗಿ, ಅಲ್ಲೇ ತೂರಿಸಿ ನೋಡಿ.

• ಮುಂಚಕ್ರ ಎತ್ತಿ ಫೋರ್ಕಿನ ಕಾಲು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಸದ್ದು ಬಂದರೆ ಕೋನ್‌ಸೆಟ್ ಸಡಿಲ. ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿ ನಿಂತಂತಾದರೆ ಗುಂಡುಗಳು ಕೂತು ಕೂತು ಬಟ್ಟಲಿನಲ್ಲಿ ಗುಳಿ ಮಾಡಿವೆ, ಬದಲಾಯಿಸಿ.

• ಕೋನ್‌ಸೆಟ್ ಬಿಚ್ಚುವಾಗ ಕೆಳಗೆ ಹಳೆಯ ಪಂಚೆ ಹಾಸಿ. ಬಿಡಿ ಗುಂಡುಗಳು ಉರುಳಿ ಚರಂಡಿ ಸೇರಿದರೆ ಸಂಜೆಯೆಲ್ಲ ಹುಡುಕಾಟ. ಬಿಡಿ ಗುಂಡಿನ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸುವುದು ಒಳ್ಳೆಯ ಖರ್ಚು. ಆದರೆ ಅತಿ ಬಿಗಿ ಮಾಡಬೇಡಿ. ಮುಂಚಕ್ರ ಎತ್ತಿದಾಗ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಎರಡೂ ಕಡೆ ವಾಲಬೇಕು.

• ಎಂಜಿನ್ ಹಿಡಿದ ಬೋಲ್ಟುಗಳನ್ನೆಲ್ಲ ಒಮ್ಮೆ ತಿರುಗಿಸಿ ನೋಡಿ. ಎಂಜಿನ್ನೂ ಫ್ರೇಮಿನ ಒಂದು ಎಲುಬೇ. ಅದು ಕುಣಿಯುತ್ತಿದ್ದರೆ ಪೈಪು ಎಷ್ಟು ಹಾಕಿದರೂ ಫ್ರೇಮು ಕುಣಿಯುತ್ತದೆ.

• ಹಿಂದಿನ ಶಾಕ್ ಎರಡನ್ನೂ ಒತ್ತಿ ನೋಡಿ. ಒಂದು ಬೇಗ ಏಳುತ್ತದೆ, ಇನ್ನೊಂದು ನಿಧಾನ ಎಂದರೆ ಗಾಡಿ ಕುಂಟುತ್ತಿದೆ. ಶಾಕನ್ನು ಜೋಡಿಯಾಗಿ ಬದಲಿಸಿ. ಒಂದನ್ನು ಉಳಿಸಿದ ದುಡ್ಡು ತಿರುವಿನಲ್ಲಿ ಹೋಗುತ್ತದೆ.

• ಇಷ್ಟೆಲ್ಲ ಸರಿ ಮಾಡಿ ಒಂದು ವಾರ ಓಡಿಸಿ. ಅರ್ಧಕ್ಕರ್ಧ ಜನಕ್ಕೆ ಅಲ್ಲಿಗೇ ರೋಗ ವಾಸಿ. ಇನ್ನೂ ತೂಗಿದರೆ ಆಗ ಬನ್ನಿ, ಫ್ರೇಮು ಬಿಚ್ಚೋಣ.

ಫ್ರೇಮು ನೆಟ್ಟಗಿದೆಯೇ?

• ಬಾಗಿದ ಫ್ರೇಮಿಗೆ ಯಾವತ್ತೂ ಬಲಪಟ್ಟಿ ಹಾಕಬೇಡಿ. ಸೊಟ್ಟಗಿರುವುದನ್ನು ಸೊಟ್ಟಗೇ ಗಟ್ಟಿ ಮಾಡಿದಂತಾಗುತ್ತದೆ, ಆಮೇಲೆ ದೇವರೂ ನೆಟ್ಟಗೆ ಮಾಡಲಾರ.

• ಗಾರೆ ಕೆಲಸದವರ ನೂಲು ತನ್ನಿ. ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ತಾಗಿಸಿ ಮುಂದಿನವರೆಗೂ ಎಳೆದು ಕಟ್ಟಿ. ಆರ್‌ಡಿಗೆ ಹಿಂದೆ 3.50, ಮುಂದೆ 3.00 ಟೈರು; ಮುಂದಿನದು ಸಣ್ಣದಾದ್ದರಿಂದ ಎರಡೂ ಕಡೆ ಸುಮಾರು ಕಾಲು ಇಂಚು ಸಂದು ಉಳಿಯಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂದರೆ ಎಲ್ಲೋ ಸೊಟ್ಟ ಇದೆ.

• ಸಂದು ಹೆಚ್ಚುಕಡಿಮೆ ಬಂತೆಂದು ಕೂಡಲೇ ಫ್ರೇಮನ್ನು ಬೈಯಬೇಡಿ. ಚೈನ್ ಅಡ್ಜಸ್ಟರಿನ ಗೆರೆ ಎರಡೂ ಕಡೆ ಸಮ ಇದೆಯೇ, ಹಿಂಚಕ್ರ ಓರೆ ಕೂತಿದೆಯೇ, ಅದನ್ನು ಮೊದಲು ನೋಡಿ.

• ಫ್ರೇಮು ಬರಿದಾದ ಮೇಲೆ ಸ್ವಿಂಗ್‌ಆರ್ಮ್ ತೂತಿಗೆ ಉದ್ದ ಸಲಾಕೆ ತೂರಿಸಿ. ಹ್ಯಾಂಡಲ್ ಕೂರುವ ಹೆಡ್ ಪೈಪಿನ ನಡುವಿನಿಂದ ಸಲಾಕೆಯ ಎರಡು ತುದಿಗೂ ಟೇಪು ಹಿಡಿದು ಅಳೆಯಿರಿ. ಸಲಾಕೆ ಎರಡೂ ಕಡೆ ಸಮವಾಗಿ ಚಾಚಿರಲಿ, ಆಗ ಎರಡೂ ಅಳತೆ ಒಂದೇ ಬರಬೇಕು.

• ಬಿರುಕು ಹುಡುಕಲು ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಕೂತ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಒಸರುತ್ತದೆ. ದುಡ್ಡಿದ್ದರೆ ಕೆಂಪು ಡೈ ಡಬ್ಬಿಯ ಸೆಟ್ ತನ್ನಿ, ಕೂದಲೆಳೆಯ ಬಿರುಕನ್ನೂ ಅದು ತೋರಿಸುತ್ತದೆ.

• ಹೆಡ್ ಪೈಪಿನ ಕೆಳಗೆ, ಸ್ವಿಂಗ್‌ಆರ್ಮ್ ತೂತಿನ ಸುತ್ತ, ಶಾಕಿನ ಮೇಲ್ಗುಬಟಿನ ಬುಡದಲ್ಲಿ, ಸೆಂಟರ್ ಸ್ಟ್ಯಾಂಡಿನ ಕಿವಿಗಳಲ್ಲಿ ತಪ್ಪದೆ ನೋಡಿ. ಭಾರ ಬೀಳುವುದು ಅಲ್ಲೇ, ಬಿರಿಯುವುದೂ ಅಲ್ಲೇ.

• ಬಿರುಕು ಸಿಕ್ಕರೆ ಅದರ ತುದಿಗೆ 3 ಮಿಲಿಮೀಟರಿನ ಸಣ್ಣ ತೂತು ಹೊಡೆದು, ಬಿರುಕನ್ನು ಅರದಿಂದ ತೋಡಿ, ಆಮೇಲೆ ಬೆಸೆಯಿರಿ. ತೂತಿಲ್ಲದೆ ಮೇಲ್ಮೇಲೆ ಬೆಸೆದರೆ ಸೀರೆಯ ಹರಕಿನ ಹಾಗೆ ಅದು ಮುಂದಕ್ಕೆ ಓಡುತ್ತದೆ.

ಹಿಂದಿನವರು ಕಲಿತದ್ದು ನಿಮಗೆ ಪುಕ್ಕಟೆ

• ಎಂಜಿನ್ ಬಲ ಹೆಚ್ಚಿಸುವ ಮುಂಚೆ ಫ್ರೇಮನ್ನು ನೆನೆಯಿರಿ. ಕವಾಸಾಕಿಯವರು 1969ರಲ್ಲಿ 500 ಸಿಸಿಯ ಮೂರು ಸಿಲಿಂಡರಿನ ಎಚ್1 ತಂದರು, 60 ಕುದುರೆಬಲ. ನೆಟ್ಟಗೆ ಬಾಣದಂತೆ ಹೋಗುತ್ತಿತ್ತು, ತಿರುವಿನಲ್ಲಿ ಸವಾರನನ್ನು ಹೆದರಿಸುತ್ತಿತ್ತು. ಓಡುವ ಬಲಕ್ಕೆ ಹಿಡಿಯುವ ಬಲವೂ ಜೊತೆಗೆ ಬೇಕು.

• ರೇಸಿನವರ ಫೋಟೋ ನೋಡಿ, ಆದರೆ ಅರ್ಥ ಮಾಡಿಕೊಂಡು ನೋಡಿ. 1972ರ ಕವಾಸಾಕಿ ಜ಼ಡ್1, 903 ಸಿಸಿ, 82 ಕುದುರೆಬಲ. ಅದರ ವಂಶದ ದೊಡ್ಡ ಗಾಡಿಗಳ ಮೇಲೆಯೇ ಎಡ್ಡಿ ಲಾಸನ್ 1981 ಮತ್ತು 1982ರಲ್ಲಿ ಅಮೆರಿಕದ ಸೂಪರ್‌ಬೈಕ್ ಪಟ್ಟ ಗೆದ್ದದ್ದು. ಅಂಥ ಗಾಡಿಗಳ ಹೆಡ್ ಪೈಪಿನ ಸುತ್ತ, ಸ್ವಿಂಗ್‌ಆರ್ಮ್ ಬುಡದಲ್ಲಿ ಪಟ್ಟಿ, ಪೈಪು ಸೇರಿಸುತ್ತಿದ್ದರು. ಆ ಬಲವೂ ಆ ಟೈರೂ ನಿಮ್ಮ ಗಾಡಿಗಿಲ್ಲ. ಅವರು ಹಾಕಿದ ಜಾಗ ಕಲಿಯಿರಿ, ಹಾಕಿದಷ್ಟನ್ನೆಲ್ಲ ಹಾಕಬೇಡಿ.

• ಒಳ್ಳೆಯ ಫ್ರೇಮು ಹೇಗಿರುತ್ತದೆಂದು ನೋಡಬೇಕಾದರೆ ನಾರ್ಟನ್‌ನ ಫೆದರ್‌ಬೆಡ್ ಚಿತ್ರ ಹುಡುಕಿ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್‌ಲೆಸ್ ರೂಪಿಸಿದ್ದು. 1950ರಲ್ಲಿ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ಗೆದ್ದರು. ಗರಿಯ ಹಾಸಿಗೆ ಎಂದು ಹೆಸರು ಬಂದದ್ದು ಅದರ ಸವಾರಿ ಅಷ್ಟು ಸುಖ ಎಂದು. ಬಿಗಿ ಮಾಡುವುದು ಸುಖಕ್ಕೆ, ಮೈ ನೋವಿಗೆ ಮಾಡಿಕೊಳ್ಳಬೇಡಿ.

ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು

• ಎರಡು ಜಾಗ ನೆನಪಿಟ್ಟುಕೊಳ್ಳಿ: ಮುಂದೆ ಹೆಡ್ ಪೈಪು, ಹಿಂದೆ ಸ್ವಿಂಗ್‌ಆರ್ಮ್ ತೂತು. ಈ ಎರಡೂ ಒಂದನ್ನೊಂದು ತಿರುಚದಂತೆ ಹಿಡಿದರೆ ಎರಡು ಚಕ್ರವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಉಳಿದದ್ದೆಲ್ಲ ಅಲಂಕಾರ.

• ಹೊಲದ ಗೇಟನ್ನು ನೆನೆಯಿರಿ. ನಾಲ್ಕು ಮೂಲೆಯ ಗೇಟು ವರ್ಷದಲ್ಲಿ ಜೋತು ಬೀಳುತ್ತದೆ, ಓರೆಪಟ್ಟಿ ಒಂದು ಹೊಡೆದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಫ್ರೇಮಿನಲ್ಲೂ ಚೌಕ ಕಂಡಲ್ಲಿ ಓರೆ ಹಾಕಿ, ತ್ರಿಕೋನ ಮಾಡಿ.

• ಪೈಪನ್ನು ನೆಟ್ಟಗೆ ಹಾಕಿ. ಕಾರ್ಬ್ಯುರೇಟರು ಅಡ್ಡ ಬಂತೆಂದು ಬಗ್ಗಿಸಿದ ಪೈಪು ಆಗಲೇ ಅರ್ಧ ಸೋತಿರುತ್ತದೆ. ಭಾರ ಬಿದ್ದರೆ ಆ ಬಾಗಿನಲ್ಲೇ ಇನ್ನಷ್ಟು ಬಾಗುತ್ತದೆ.

• ಪೈಪಿನ ತುದಿ ಇನ್ನೊಂದು ಪೈಪಿನ ಸಂಧಿಯ ಹತ್ತಿರ ಕೂರಲಿ. ಕಂಬವನ್ನು ತೊಲೆಯ ಮೇಲೆ ನಿಲ್ಲಿಸುತ್ತೇವೆ, ಹಂಚಿನ ಮೇಲೆ ನಿಲ್ಲಿಸುತ್ತೇವೆಯೇ? ಬರಿ ಪೈಪಿನ ನಡುಬೆನ್ನಿಗೆ ಊರಿದರೆ ಅಲ್ಲೇ ತಗ್ಗು ಬೀಳುತ್ತದೆ.

• ಮೊದಲ ಕೆಲಸವಾಗಿ ಹೆಡ್ ಪೈಪಿನ ಹಿಂದೆ, ಟ್ಯಾಂಕಿನ ಕೆಳಗೆ ಅಡ್ಡ ಪೈಪು ಮತ್ತು ಎರಡು ಕಡೆ ಮೂಲೆಗೆ ಬೆಸೆಯುವ ಸಣ್ಣ ತಗಡು, ಅಂದರೆ ಗಸ್ಸೆಟ್ ಪಟ್ಟಿ ಹಾಕಿ. ಟ್ಯಾಂಕು ಮುಚ್ಚುತ್ತದೆ, ಕಣ್ಣಿಗೆ ಕಾಣದು, ಫಲ ಮಾತ್ರ ಕೈಗೆ ಗೊತ್ತಾಗುತ್ತದೆ.

• ಎರಡನೆಯದಾಗಿ ಸ್ವಿಂಗ್‌ಆರ್ಮ್ ತೂತಿನ ಎರಡು ಕಡೆಯ ತಗಡನ್ನು ಮೇಲೊಂದು, ಕೆಳಗೊಂದು ಅಡ್ಡ ಪೈಪಿನಿಂದ ಕಟ್ಟಿ. ಎರಡು ಮಾಡಿ ನಿಲ್ಲಿಸಿ, ಓಡಿಸಿ ನೋಡಿ. ಬೇಕೆನಿಸಿದರೆ ಮೂರನೆಯದಕ್ಕೆ ಬನ್ನಿ.

• ಒಂದೇ ಜಾಗವನ್ನು ಕಲ್ಲಿನಂತೆ ಮಾಡಬೇಡಿ. ಅಲ್ಲಿ ಬಾಗದ ಬಲ ಪಕ್ಕದ ಬಡಪಾಯಿ ಪೈಪಿಗೆ ಹೋಗಿ ಅದನ್ನು ಒಡೆಯುತ್ತದೆ.

ಪೈಪು ತರುವಾಗ ಕಂಜೂಸ್ ಆಗಬೇಡಿ

• ಸೀಮ್‌ಲೆಸ್ ಪೈಪು ತನ್ನಿ. 19ರಿಂದ 25 ಮಿಲಿಮೀಟರ್ ದಪ್ಪ, ಗೋಡೆ 1.6ರಿಂದ 2 ಮಿಲಿಮೀಟರ್ ಇದ್ದರೆ ಇಂಥ ಕೆಲಸಕ್ಕೆ ಸಾಕು. ಗುಜರಿಯ ಮಂಚದ ಪೈಪು ಮಂಚಕ್ಕೇ ಇರಲಿ.

• ನೀರಿನ ಜಿಐ ಪೈಪು ತರಲೇಬೇಡಿ. ಅದರ ಮೇಲಿನ ಸತು ಬೆಂಕಿಗೆ ಬಿಳಿ ಹೊಗೆಯಾಗಿ ಏಳುತ್ತದೆ, ಬೆಸುಗೆಯಲ್ಲಿ ತೂತು ಬೀಳುತ್ತದೆ. ನಮ್ಮ ಯಜಮಾನರು ಒಮ್ಮೆ ಅವಸರಕ್ಕೆ ಅದನ್ನು ಬೆಸೆದು ರಾತ್ರಿಯೆಲ್ಲ ಚಳಿಜ್ವರದಲ್ಲಿ ನಡುಗಿದರು. ಅಂದಿನಿಂದ ಶೆಡ್ಡಿನೊಳಗೆ ಜಿಐ ತುಂಡು ಕಂಡರೆ ನಾನೇ ಹೊರಗೆ ಎಸೆಯುತ್ತೇನೆ.

• ತೆಳು ಸಲಾಕೆಗಿಂತ ದಪ್ಪ ಟೊಳ್ಳು ಪೈಪು ಆರಿಸಿ. ಬಿದಿರು ಟೊಳ್ಳಾದರೂ ಗಾಳಿಗೆ ನಿಲ್ಲುವುದು ನೋಡಿದ್ದೀರಲ್ಲ? ತೂಕವೂ ಉಳಿಯುತ್ತದೆ.

• ಮಿಶ್ರ ಉಕ್ಕಿನ ಕ್ರೋಮೋಲಿ ಪೈಪೇ ಬೇಕು ಎಂದು ಸಾಲ ಮಾಡಬೇಡಿ. ಒಂದೇ ಅಳತೆಯ ಪೈಪಾದರೆ ಬಿಗಿತ ಸಾಧಾರಣ ಉಕ್ಕಿನಲ್ಲೂ ಅದರಲ್ಲೂ ಒಂದೇ. ಕ್ರೋಮೋಲಿ ಬಾಗಿ ಉಳಿಯುವ ಮುಂಚೆ, ಮುರಿಯುವ ಮುಂಚೆ ಹೆಚ್ಚು ಭಾರ ತಾಳುತ್ತದೆ, ಅಷ್ಟೇ. ನಿಮ್ಮ ಹಳೆಯ ಫ್ರೇಮೇ ಸಾಧಾರಣ ಉಕ್ಕಿನದು, ಅದಕ್ಕೆ ಅದರ ಜಾತಿಯ ಜೊತೆ ಸಾಕು.

• ಗಸ್ಸೆಟ್ ತಗಡು ಪೈಪಿನ ಗೋಡೆಗಿಂತ ಬಹಳ ದಪ್ಪ ಬೇಡ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅರ್ಧ ಇಂಚು ತಗಡು ಬೆಸೆದ ಫ್ರೇಮೊಂದು ಶೆಡ್ಡಿಗೆ ವಾಪಸ್ ಬಂದಾಗ ತಗಡು ಹಾಗೇ ಇತ್ತು, ಪೈಪು ಅದರ ಅಂಚಿನಲ್ಲಿ ಹರಿದಿತ್ತು.

• ಗಸ್ಸೆಟ್ಟಿನ ತುದಿಯನ್ನು ಚೂಪಾಗಿ, ಮೀನಿನ ಬಾಲದಂತೆ ಸೀಳಿ ಕತ್ತರಿಸಿ. ಬೆಸುಗೆಯ ಗೆರೆ ಪೈಪಿಗೆ ಅಡ್ಡಲಾಗಿ ಉಂಗುರದಂತೆ ಕೂತರೆ ಅದು ಕತ್ತರಿಸಲು ಗುರುತು ಹಾಕಿಕೊಟ್ಟ ಹಾಗೆ.

• ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿ. ಮಕ್ಕಳ ನೋಟ್‌ಬುಕ್ಕಿನ ಹಳೆಯ ರಟ್ಟಿಗೆ ದುಡ್ಡಿಲ್ಲ, ತಗಡಿಗೆ ಇದೆ.

• ಪೈಪಿನ ಬಾಯನ್ನು ಇನ್ನೊಂದು ಪೈಪಿನ ಮೈಗೆ ಸರಿಯಾಗಿ ತಬ್ಬುವಂತೆ ಅರದಿಂದ ತೀಡಿ. ಸಂದಿನಲ್ಲಿ ಬೆಳಕು ಕಾಣಬಾರದು. ಸಂದನ್ನು ಕಡ್ಡಿ ಕರಗಿಸಿ ತುಂಬಿದರೆ ಅದು ಗೋಡೆಯ ಬಿರುಕಿಗೆ ಮೈದಾ ಮೆತ್ತಿದ ಹಾಗೆ.

ಟ್ಯಾಕ್ ಹಾಕಿ, ಎಲ್ಲ ಜೋಡಿಸಿ, ಬಿಚ್ಚಿ ನೋಡಿ

• ಎಲ್ಲ ಪೈಪನ್ನೂ ಬರಿ ಚುಕ್ಕಿ ಬೆಸುಗೆಯ ಟ್ಯಾಕ್‌ನಲ್ಲಿ ನಿಲ್ಲಿಸಿ, ಟ್ಯಾಂಕು, ಕಾರ್ಬ್ಯುರೇಟರು, ಏರ್ ಫಿಲ್ಟರು, ಬ್ಯಾಟರಿ, ಹಾರ್ನು, ವೈರಿಂಗು ಎಲ್ಲವನ್ನೂ ಕೂರಿಸಿ. ಇದಕ್ಕೆ ಅರ್ಧ ದಿನ ಹೋಗುತ್ತದೆ. ಇದನ್ನು ಬಿಟ್ಟರೆ ಅರ್ಧ ತಿಂಗಳು ಹೋಗುತ್ತದೆ.

• ಎಂಜಿನ್ ಒಮ್ಮೆ ಹೊರಗೆ ತೆಗೆದು ಮತ್ತೆ ಕೂರಿಸಿ. ನಮ್ಮ ಅಣ್ಣನ ಮಗ ಚಂದದ ಪೈಪು ಹಾಕಿ ಬಣ್ಣವನ್ನೂ ಹೊಡೆಸಿದ. ಆರು ತಿಂಗಳಿಗೆ ಕ್ರ್ಯಾಂಕ್ ಕೆಲಸ ಬಂತು, ಎಂಜಿನ್ ಹೊರಗೆ ಬರಲಿಲ್ಲ, ಗರಗಸ ಹಿಡಿಯಬೇಕಾಯಿತು. ಅವನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

• ಅಡ್ಡ ಬರುವ ಪೈಪನ್ನು ಬೋಲ್ಟಿನಿಂದ ಕೂರುವಂತೆ ಮಾಡಿಸಿ. ಕಿವಿ ಬೆಸೆದು ಪೈಪನ್ನು ನಡುವೆ ಬಿಗಿದರೆ ಬೇಕಾದಾಗ ತೆಗೆಯಬಹುದು. ಬೋಲ್ಟು ತೂತಿಗೆ ಬಿಗಿಯಾಗಿ ಕೂರಲಿ, ಲೊಡಲೊಡ ಬೋಲ್ಟು ಇದ್ದೂ ಇಲ್ಲದಂತೆ.

• ಸ್ಪಾರ್ಕ್ ಪ್ಲಗ್ಗಿಗೆ ಸ್ಪಾನರು ಹೋಗುತ್ತದೆಯೇ, ಕಿಕ್ಕರು ಪೂರ್ತಿ ತಿರುಗುತ್ತದೆಯೇ, ಹ್ಯಾಂಡಲ್ ಎರಡೂ ಕೊನೆಗೆ ಹೋಗುತ್ತದೆಯೇ ನೋಡಿ. ಟೂ ಸ್ಟ್ರೋಕಿನಲ್ಲಿ ಪ್ಲಗ್ಗು ಬಿಚ್ಚುವುದು ಸಾರಿಗೆ ಉಪ್ಪು ನೋಡಿದಷ್ಟೇ ಮಾಮೂಲು.

ಬೆಸೆಯುವ ದಿನ

• ಪೆಟ್ರೋಲ್ ಟ್ಯಾಂಕನ್ನು ಬೇರೆ ಕೋಣೆಗೆ ಸಾಗಿಸಿ. ಖಾಲಿ ಟ್ಯಾಂಕು ಎಂದು ಪಕ್ಕದಲ್ಲಿಡಬೇಡಿ; ಒಳಗೆ ಉಳಿದ ಆವಿಯೇ ಸಿಡಿಯುವುದು.

• ಬ್ಯಾಟರಿ ಬಿಚ್ಚಿ, ರೆಕ್ಟಿಫೈಯರು, ರೆಗ್ಯುಲೇಟರು ತೆಗೆದಿಡಿ. ಒಂದು ಕಿಡಿಗೆ ಸುಟ್ಟರೆ ಹಳೆಯ ಗಾಡಿಯ ಬಿಡಿಭಾಗ ಊರೂರು ಅಲೆಯಬೇಕು.

• ಅರ್ತ್ ಕ್ಲಾಂಪನ್ನು ಬೆಸೆಯುವ ಪೈಪಿಗೇ, ಹತ್ತಿರದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹೋಗಿ ಗುಂಡುಗಳಲ್ಲಿ ಸಣ್ಣ ಗುಳಿ ಸುಡುತ್ತದೆ.

• ಬಣ್ಣ, ತುಕ್ಕು, ಗ್ರೀಸು ಎಲ್ಲ ತೆಗೆದು ಲೋಹ ಬೆಳ್ಳಗೆ ಹೊಳೆಯುವಂತೆ ಮಾಡಿ. ಅಸಿಟೋನ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ. ಅದರಲ್ಲಿ ಕ್ಲೋರಿನ್ ಇದ್ದರೆ ಬೆಸುಗೆಯ ಬೆಳಕಿಗೆ ವಿಷದ ಗಾಳಿ ಹುಟ್ಟುತ್ತದೆ.

• ಆರ್ಗಾನ್ ಟಿಗ್ ಮಾಡುವವರನ್ನೇ ಹುಡುಕಿ. ಗೇಟು ಬೆಸೆಯುವ ಕಡ್ಡಿ ತೆಳು ಪೈಪಿಗೆ ತೂತು ಮಾಡುತ್ತದೆ. ಮಿಗ್ ಚಂದ ಕಂಡರೂ ಕೈ ಪಳಗದಿದ್ದರೆ ಒಳಗೆ ಇಳಿದಿರುವುದಿಲ್ಲ.

• ಮೊದಲು ಅದೇ ದಪ್ಪದ ಎರಡು ತುಂಡು ಬೆಸೆಸಿ, ಗರಗಸದಿಂದ ಸೀಳಿಸಿ ಒಳಗೆ ನೋಡಿ. ಬೆಸೆಯುವವರಿಗೆ ಬೇಸರವಾದರೆ ಆಗಲಿ. ಒಳ್ಳೆಯ ಕೆಲಸಗಾರ ತಾನೇ ಸೀಳಿ ತೋರಿಸುತ್ತಾನೆ.

• ಹಿತ್ತಾಳೆ ಬೆಸುಗೆಯ ಹಳೆಯ ಸಂಧಿಯ ಮೇಲೆ ಟಿಗ್ ಮಾಡಿಸಬೇಡಿ. ಹಳೆಯ ಬುಲೆಟ್ಟಿನಂಥ ಗಾಡಿಗಳಲ್ಲಿ ಇಂಥ ಸಂಧಿ ಇರುತ್ತವೆ. ಕರಗಿದ ಹಿತ್ತಾಳೆ ಉಕ್ಕಿನ ಕಣಗಳ ನಡುವೆ ನುಗ್ಗಿ ಅದನ್ನು ಒಳಗಿಂದ ಬಿರಿಸುತ್ತದೆ.

• ಕೆಟ್ಟುಹೋದ ಎಂಜಿನ್ನಿನ ಖಾಲಿ ಕೇಸನ್ನು ಫ್ರೇಮಿಗೆ ಬಿಗಿದಿಟ್ಟು ಬೆಸೆಯಿರಿ. ಸ್ವಿಂಗ್‌ಆರ್ಮ್ ತೂತಿಗೆ ಸಲಾಕೆ, ಹೆಡ್ ಪೈಪಿಗೆ ಹಳೆಯ ಬಟ್ಟಲು ಕೂರಿಸಿ. ಬೆಸುಗೆ ಆರುವಾಗ ಎಳೆಯುತ್ತದೆ, ದುಂಡನೆಯ ತೂತೂ ಮೊಟ್ಟೆಯಾಗುತ್ತದೆ.

• ಒಂದು ಇಂಚು ಎಡಕ್ಕೆ, ಒಂದು ಇಂಚು ಬಲಕ್ಕೆ, ಹೀಗೆ ಅದಲುಬದಲಾಗಿ ಬೆಸೆಸಿ. ಒಂದೇ ಕಡೆ ಸುಟ್ಟರೆ ಫ್ರೇಮು ಆ ಕಡೆಗೇ ತಿರುಗಿ ಕೂರುತ್ತದೆ.

• ಬಿಸಿ ಬೆಸುಗೆಗೆ ನೀರು ಹಾಕಬೇಡಿ, ಫ್ಯಾನೂ ತಿರುಗಿಸಬೇಡಿ. ತಾನಾಗಿ ಆರಲಿ, ಅಷ್ಟರಲ್ಲಿ ಊಟ ಮಾಡಿ ಬನ್ನಿ.

• ಬೆಸುಗೆಯನ್ನು ಗ್ರೈಂಡರಿನಿಂದ ನುಣ್ಣಗೆ ಸವರಬೇಡಿ. ಬಲ ಇರುವುದು ಆ ಉಬ್ಬಿನಲ್ಲೇ, ಅದು ನಾಚಿಕೆಪಡುವ ವಸ್ತುವಲ್ಲ.

• ಪೂರ್ತಿ ಮುಚ್ಚಿಹೋಗುವ ಪೈಪಿಗೆ ಸಣ್ಣ ಉಸಿರು ತೂತು ಬಿಡಿ. ಇಲ್ಲದಿದ್ದರೆ ಕೊನೆಯ ಬಿಂದುವಿನಲ್ಲಿ ಬಿಸಿ ಗಾಳಿ ಬೆಸುಗೆಯನ್ನು ಒಡೆದು ಬರುತ್ತದೆ. ಕೆಲಸ ಮುಗಿದ ಮೇಲೆ ತೂತು ಮುಚ್ಚುವುದನ್ನೂ ಮರೆಯಬೇಡಿ, ಮಳೆನೀರು ಒಳಗೆ ಕೂತು ತುಕ್ಕು ತಿನ್ನುತ್ತದೆ.

ಸ್ವಿಂಗ್‌ಆರ್ಮ್, ಫೋರ್ಕು

• ಸ್ವಿಂಗ್‌ಆರ್ಮಿಗೆ ಬಲ ಕೊಡುವಾಗ ಹಳೆಯ ಆಕ್ಸಲ್ಲು, ಸ್ಪೇಸರು ಬಿಗಿದೇ ಬೆಸೆಸಿ. ಬುಷ್‌ಗಳನ್ನು ಮಾತ್ರ ಆಮೇಲೆ ಕೂರಿಸಿ, ಬಿಸಿಗೆ ಅವು ಹಾಳಾಗುತ್ತವೆ.

• ಶಾಕ್ ಬಿಚ್ಚಿ ಹಿಂಚಕ್ರವನ್ನು ಕೈಯಿಂದ ಪೂರ್ತಿ ಮೇಲಕ್ಕೆ ಎತ್ತಿ ನೋಡಿ. ಹೊಸ ಪಟ್ಟಿ ಫ್ರೇಮಿಗೆ ತಾಗುತ್ತದೆಯೇ, ಚೈನು ಉಜ್ಜುತ್ತದೆಯೇ ಎಂಬುದು ಆಗಲೇ ಗೊತ್ತಾಗಲಿ. ಗುಂಡಿಯಲ್ಲಿ, ಇಬ್ಬರು ಕೂತಾಗ ಗೊತ್ತಾಗುವುದು ಬೇಡ.

• ರಾಜದೂತಿಗೆ ಮುಂದೆ ಡ್ರಮ್ ಬ್ರೇಕು. ನೀವು ಒಂದು ಕಾಲಿಗೆ ಡಿಸ್ಕ್ ಕೂರಿಸಿದ್ದರೆ ಬ್ರೇಕ್ ಹಿಡಿದಾಗ ಆ ಕಾಲೊಂದೇ ಎಳೆಯುತ್ತದೆ. ಎರಡು ಕಾಲನ್ನೂ ಕಟ್ಟುವ ಫೋರ್ಕ್ ಬ್ರೇಸ್ ಹಾಕಿಸಿ.

• ಬ್ರೇಸಿನ ಬೋಲ್ಟನ್ನು ಅರ್ಧ ಬಿಗಿ ಮಾಡಿ, ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಪೂರ್ತಿ ಬಿಗಿ ಮಾಡಿ. ಅಳತೆ ಕೂದಲೆಳೆ ತಪ್ಪಿದರೂ ಫೋರ್ಕು ಕಚ್ಚುತ್ತದೆ. ಕಚ್ಚಿದ ಫೋರ್ಕಿಗಿಂತ ಬ್ರೇಸ್ ಇಲ್ಲದ ಫೋರ್ಕೇ ವಾಸಿ.

ಬಣ್ಣ ಮತ್ತು ಕಾಗದಪತ್ರ

• ಮೊದಲ ವರ್ಷ ತೆಳುವಾಗಿ ತಿಳಿ ಬಣ್ಣ ಹೊಡೆಸಿ. ತಿಳಿ ಬಣ್ಣದ ಮೇಲೆ ಬಿರುಕು ಕಂದು ಗೆರೆಯಾಗಿ ಕಾಣುತ್ತದೆ. ದಪ್ಪ ಪೌಡರ್ ಕೋಟಿಂಗ್ ಅದನ್ನು ಹೊದಿಕೆ ಹೊದಿಸಿ ಮಲಗಿಸುತ್ತದೆ.

• ಫ್ರೇಮಿಗೆ ಕ್ರೋಮ್ ಮಾಡಿಸಬೇಡಿ. ಆ ಆಸಿಡ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಹಪ್ಪಳದಂತೆ ಮಾಡಬಹುದು. ಹೊಳಪು ಬೇಕಿದ್ದರೆ ಸೈಲೆನ್ಸರಿಗೆ ಮಾಡಿಸಿ.

• ಹೆಡ್ ಪೈಪಿನ ಮೇಲಿನ ಚಾಸಿ ನಂಬರನ್ನು ಟೇಪು ಅಂಟಿಸಿ ಕಾಪಾಡಿ. ಗ್ರೈಂಡರು ಒಮ್ಮೆ ಜಾರಿದರೆ ನಿಮ್ಮ ಗಾಡಿ ನಿಮ್ಮದೆಂದು ಹೇಳಲು ಸಾಕ್ಷಿಯೇ ಇರದು.

• ರಸ್ತೆಯಲ್ಲಿ ಓಡಿಸುವ ಗಾಡಿಯಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ವಿಮೆಯವರಿಗೂ ತಿಳಿಸಿ, ಕೆಲಸದ ಫೋಟೋ, ಬಿಲ್ಲು ಒಂದು ಫೈಲಿನಲ್ಲಿಡಿ. ಆಮೇಲೆ ನೋಡೋಣ ಎಂದವರಿಗೆ ಆಮೇಲೆ ಬಹಳ ತಡವಾಗಿರುತ್ತದೆ.

ರಸ್ತೆಗೆ ಇಳಿದ ಮೇಲೆ

• ಮೊದಲ 50 ಕಿಲೋಮೀಟರು ನಿಧಾನ ಓಡಿಸಿ, ಬಂದು ಎಲ್ಲ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ. ಹೊಸ ಸೊಸೆಯ ಹಾಗೆ ಹೊಸ ಭಾಗಗಳೂ ಹೊಂದಿಕೊಳ್ಳಲು ಸಮಯ ಕೇಳುತ್ತವೆ.

• ಗೊತ್ತಿರುವ ರಸ್ತೆಯಲ್ಲೇ ಪರೀಕ್ಷೆ ಮಾಡಿ. ದಿನಾ ಹೋಗುವ ತಿರುವು ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ನಿಮ್ಮ ಸೊಂಟವೇ ಹೇಳುತ್ತದೆ. ಹೊಸ ರಸ್ತೆಯಲ್ಲಿ ರಸ್ತೆಯ ದೋಷ ಯಾವುದು, ಗಾಡಿಯದು ಯಾವುದು ಗೊತ್ತಾಗದು.

• ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪೈಪು, ಶಾಕು, ಟೈರು ಮೂರೂ ಒಟ್ಟಿಗೆ ಬದಲಿಸಿದರೆ ಯಾವ ದೇವರಿಗೆ ಹರಕೆ ತೀರಿಸಬೇಕೆಂದೇ ತಿಳಿಯದು.

• ಇನ್ನೂ ತೂಗಿದರೆ ವೇಗ ಏರಿಸಿ ಗೆಲ್ಲಲು ಹೋಗಬೇಡಿ, ಗಕ್ಕನೆ ಬ್ರೇಕೂ ಹಿಡಿಯಬೇಡಿ. ಥ್ರಾಟಲನ್ನು ಮೆಲ್ಲಗೆ ಬಿಡಿ, ಹ್ಯಾಂಡಲನ್ನು ಉಸಿರುಗಟ್ಟಿಸಿ ಹಿಡಿಯಬೇಡಿ. ಮನೆಗೆ ತನ್ನಿ, ಮತ್ತೆ ಮೊದಲಿಂದ ಹುಡುಕೋಣ.

• ಗಾಡಿಯನ್ನು ನಿಮ್ಮ ಕೈಯಿಂದಲೇ ತೊಳೆಯಿರಿ. ಒರೆಸುವ ಬಟ್ಟೆ ಹೆಡ್ ಪೈಪಿನ ಕೆಳಗೆ, ಸ್ವಿಂಗ್‌ಆರ್ಮಿನ ಬುಡದಲ್ಲಿ ಹೋದಾಗ ಬೆರಳು ಬೆಸುಗೆಯ ಮೇಲೆ ಆಡುತ್ತದೆ, ಕಣ್ಣು ಬಣ್ಣದ ಮೇಲೆ ಓಡುತ್ತದೆ. ಕಂದು ಗೆರೆ ಒಂದು ಕಂಡರೆ ಅಂದೇ ಗಾಡಿ ನಿಲ್ಲಿಸಿ ಶೆಡ್ಡಿಗೆ ತಳ್ಳಿಕೊಂಡು ಬನ್ನಿ. ತಳ್ಳಿಕೊಂಡು ಬಂದವರಿಗೆ ನಾನು ಎಂದೂ ಬೈದಿಲ್ಲ. ಓಡಿಸಿಕೊಂಡು ಬಂದವರಿಗೆ ಬೈಯದೆ ಬಿಟ್ಟಿಲ್ಲ.